ಅಯಸ್ಕಾಂತ ಎಲೆಕ್ಟ್ರಾನ್‌ಗಳ ಅಲೆಯನ್ನು ಬದಲಿಸುತ್ತದೆಯೇ? ಹೌದು, ಆದರೆ ನಿಮ್ಮ ಮಂಡಿಯಲ್ಲಲ್ಲ

ಮಂಡಿನೋವಿಗೆ ಮ್ಯಾಗ್ನೆಟ್ ಪಟ್ಟಿ, ಬಿಪಿಗೆ ಮ್ಯಾಗ್ನೆಟ್ ಬಳೆ, ನಿದ್ದೆಗೆ ಮ್ಯಾಗ್ನೆಟ್ ಹಾಸಿಗೆ. ಇಂಥ ಒಂದಾದರೂ ಫಾರ್ವರ್ಡ್ ನೋಡದ ವಾಟ್ಸಾಪ್ ಗ್ರೂಪ್ ಇರಲಾರದು. ಹಳೆಯ ಸಂದೇಶಗಳಲ್ಲಿ "ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆಯುತ್ತದೆ" ಎಂಬಷ್ಟೇ ವಾದ ಇರುತ್ತಿತ್ತು. ಈಗ ಮಾತು ದೊಡ್ಡದಾಗಿದೆ. ಕ್ವಾಂಟಮ್, ಎಲೆಕ್ಟ್ರಾನ್, ತರಂಗ, ಕಂಪನ ಎಲ್ಲವೂ ಬರುತ್ತವೆ. "ಅಯಸ್ಕಾಂತ ಎಲೆಕ್ಟ್ರಾನ್‌ಗಳ ಅಲೆಯನ್ನೇ ಬದಲಿಸುತ್ತದೆ, ಇದು ವಿಜ್ಞಾನ" ಎಂಬ ಧಾಟಿ.

ವಿಚಿತ್ರವೆಂದರೆ ಆ ಕೊನೆಯ ಮಾತು ಪೂರ್ತಿ ಸುಳ್ಳಲ್ಲ. ಕೆಲವು ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳು ನಿಜಕ್ಕೂ ಅಲೆಯ ಹಾಗೆ ಸಾಲುಗಟ್ಟುತ್ತವೆ. ಬಲವಾದ ಅಯಸ್ಕಾಂತ ಆ ಅಲೆಯನ್ನು ಮುರಿಯಬಲ್ಲದು, ಹೊಸದಾಗಿ ಹುಟ್ಟಿಸಲೂ ಬಲ್ಲದು. ಭೌತವಿಜ್ಞಾನದಲ್ಲಿ ಇದು ನಾಲ್ಕು ದಶಕಗಳಿಗೂ ಮೀರಿದ ಸಂಶೋಧನೆ. ಹಾಗಾಗಿ "ಎಲ್ಲಾ ಬೊಗಳೆ" ಎಂದು ಹೇಳಿ ಮುಗಿಸುವುದಕ್ಕೆ ನಮಗೆ ಮನಸ್ಸಿಲ್ಲ. ನಿಜವಾದ ವಿಷಯ ಏನು, ಅದು ನಡೆಯುವುದು ಎಲ್ಲಿ, ನಮ್ಮ ಮೈಯಲ್ಲಿ ಏಕೆ ನಡೆಯುವುದಿಲ್ಲ ಎಂದು ಬಿಡಿಸಿ ನೋಡೋಣ.

ಎಲೆಕ್ಟ್ರಾನ್‌ಗಳ ಅಲೆ ಎಂದರೇನು?

ತಾಮ್ರದ ತಂತಿಯಲ್ಲಿ ಕರೆಂಟ್ ಹರಿಯುವುದು ಅದರೊಳಗೆ ಲಕ್ಷಕೋಟಿಗಟ್ಟಲೆ ಎಲೆಕ್ಟ್ರಾನ್‌ಗಳು ಬಿಡುಬೀಸಾಗಿ ಓಡಾಡುವುದರಿಂದ. ಅಲ್ಲಿ ಎಲೆಕ್ಟ್ರಾನ್‌ಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮನಾಗಿ ಹರಡಿಕೊಂಡಿರುತ್ತವೆ.

ಆದರೆ ಕೆಲವು ಹರಳುಗಳ ಒಳರಚನೆ ನೂಲಿನ ಲಡಿಯ ಹಾಗಿರುತ್ತದೆ. ಪರಮಾಣುಗಳು ಉದ್ದುದ್ದ ಎಳೆಗಳಾಗಿ ಜೋಡಣೆಯಾಗಿರುತ್ತವೆ. ಎಲೆಕ್ಟ್ರಾನ್‌ಗಳು ಎಳೆಯ ಉದ್ದಕ್ಕೆ ಸಲೀಸಾಗಿ ಓಡುತ್ತವೆ, ಪಕ್ಕದ ಎಳೆಗೆ ಹಾರುವುದು ಕಷ್ಟ. ಇಂಥ ಹರಳನ್ನು ತಣಿಸುತ್ತ ಹೋದರೆ ಒಂದು ಹಂತದಲ್ಲಿ ಎಲೆಕ್ಟ್ರಾನ್‌ಗಳು ಒಂದು ಕಡೆ ಒತ್ತಾಗಿ, ಮುಂದೆ ವಿರಳವಾಗಿ, ಮತ್ತೆ ಒತ್ತಾಗಿ, ಮತ್ತೆ ವಿರಳವಾಗಿ ನಿಲ್ಲುತ್ತವೆ. ಅಲ್ಲಿನ ಪರಮಾಣುಗಳೂ ಅದಕ್ಕೆ ತಕ್ಕಂತೆ ತುಸು ಜರುಗುತ್ತವೆ.

ಮದುವೆಮನೆಯ ಊಟದ ಪಂಕ್ತಿಯನ್ನು ನೆನೆದುಕೊಳ್ಳಿ. ಎಲೆಗಳನ್ನು ಸಮ ಅಂತರದಲ್ಲಿ ಹಾಸಿರುತ್ತಾರೆ. ಕೂತವರು ಪಕ್ಕದವರೊಂದಿಗೆ ಮಾತಿಗಿಳಿದು ಇಬ್ಬಿಬ್ಬರಾಗಿ ಸರಿದರೆ ಒಂದು ಜೋಡಿ, ಒಂದು ಸಂದು, ಒಂದು ಜೋಡಿ, ಒಂದು ಸಂದು ಎಂಬ ಹೊಸ ಲಯ ಬರುತ್ತದೆ. ಯಾರೂ ಎದ್ದುಹೋಗಿಲ್ಲ, ಆದರೂ ಸಾಲಿನ ಸ್ವರೂಪ ಬದಲಾಗಿದೆ. ಹರಳಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಇದಕ್ಕೆ ಚಾರ್ಜ್ ಡೆನ್ಸಿಟಿ ವೇವ್ ಎಂದು ಹೆಸರು, ಕನ್ನಡದಲ್ಲಿ ಆವೇಶ ಸಾಂದ್ರತೆಯ ಅಲೆ ಎನ್ನಬಹುದು. ಒಂದೇ ಎಳೆಯ ಲೋಹ ತಣ್ಣಗಾದಾಗ ಹೀಗೆ ಜರುಗದೆ ಇರಲಾರದು ಎಂದು ಲೆಕ್ಕ ಹಾಕಿ ತೋರಿಸಿದವರು ಭೌತವಿಜ್ಞಾನಿ ರುಡಾಲ್ಫ್ ಪೈಯರ್ಲ್ಸ್. 1955ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ವಿವರಣೆ ಇದೆ.

ಹೀಗೆ ಸಾಲುಗಟ್ಟುವುದರಿಂದ ಎಲೆಕ್ಟ್ರಾನ್‌ಗಳಿಗೆ ಲಾಭವೇನು? ಅವುಗಳ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಪರಮಾಣುಗಳನ್ನು ಜರುಗಿಸಲು ಒಂದಿಷ್ಟು ಶಕ್ತಿ ಖರ್ಚಾಗುತ್ತದೆ ನಿಜ. ತಣ್ಣಗಿರುವಾಗ ಖರ್ಚಿಗಿಂತ ಉಳಿತಾಯ ಹೆಚ್ಚು, ಅಲೆ ನಿಲ್ಲುತ್ತದೆ. ಬಿಸಿಯಾದರೆ ಎಲ್ಲವೂ ಅಲುಗಾಡಿ ಅಲೆ ಕರಗುತ್ತದೆ. ಪಂಕ್ತಿಯ ನಡುವೆ ಮಕ್ಕಳು ಓಡಾಡತೊಡಗಿದರೆ ಯಾವ ಲಯವೂ ಉಳಿಯುವುದಿಲ್ಲವಲ್ಲ, ಹಾಗೆ.

ಮುಂದಿನ ಮಾತಿಗೆ ಒಂದು ಅಂಶ ಬೇಕಾಗುತ್ತದೆ. ಅಲೆಯ ಉದ್ದ, ಅಂದರೆ ಒಂದು ಒತ್ತಿನಿಂದ ಮುಂದಿನ ಒತ್ತಿಗೆ ಇರುವ ದೂರ, ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬುದರ ಮೇಲೆ ನಿಂತಿದೆ. ಎಳೆಯಂಥ ಹರಳಿನಲ್ಲಿ ಒಂದೇ ಉದ್ದ ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಾನ್‌ಗಳಿಗೂ ಹೊಂದುತ್ತದೆ. ತಾಮ್ರ, ಬೆಳ್ಳಿ, ಚಿನ್ನಗಳಲ್ಲಿ ಎಲೆಕ್ಟ್ರಾನ್‌ಗಳು ಎಲ್ಲ ದಿಕ್ಕಿಗೂ ಓಡುವುದರಿಂದ ಒಂದೊಂದು ಗುಂಪಿಗೆ ಒಂದೊಂದು ಅಳತೆ ಬೇಕು. ಒಂದೇ ಅಳತೆಯ ಅಂಗಿ ಇಡೀ ಊರಿಗೆ ಹೊಂದುವುದಿಲ್ಲ. ಹಾಗಾಗಿ ಅಲ್ಲಿ ಅಲೆ ಹುಟ್ಟುವುದೇ ಇಲ್ಲ. ನಿಮ್ಮ ತಾಮ್ರದ ಬಳೆಯಲ್ಲೂ ಇಲ್ಲ.

ಇನ್ನೊಂದು ಬಗೆಯ ಅಲೆ

ಪ್ರತಿ ಎಲೆಕ್ಟ್ರಾನ್ ತಾನೇ ಒಂದು ಪುಟಾಣಿ ಅಯಸ್ಕಾಂತ. ಈ ಗುಣಕ್ಕೆ ಸ್ಪಿನ್ ಎನ್ನುತ್ತಾರೆ. ಅದು ಮೇಲ್ಮುಖ ಅಥವಾ ಕೆಳಮುಖ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಕೆಲವು ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ ಎಲ್ಲ ಕಡೆ ಸಮನಾಗಿಯೇ ಇರುತ್ತದೆ, ಆದರೆ ಒಂದು ಕಡೆ ಮೇಲ್ಮುಖದವು ಹೆಚ್ಚು, ಮುಂದೆ ಕೆಳಮುಖದವು ಹೆಚ್ಚು, ಹೀಗೆ ಸರದಿ ಬರುತ್ತದೆ. ಇದು ಸ್ಪಿನ್ ಡೆನ್ಸಿಟಿ ವೇವ್.

ಇದಕ್ಕೆ ಅತಿ ಹೆಸರುವಾಸಿಯಾದ ಉದಾಹರಣೆ ಕ್ರೋಮಿಯಂ. ನಲ್ಲಿ, ಬೈಕ್‌ಗಳ ಮೇಲೆ ಹೊಳಪಿಗೆ ಹಚ್ಚುವ ಅದೇ ಲೋಹ. ಶುದ್ಧ ಕ್ರೋಮಿಯಂ ಹರಳಿನಲ್ಲಿ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಅಲೆ ಇರುತ್ತದೆ. 38 ಡಿಗ್ರಿ ಎಂದರೆ ಥರ್ಮಾಮೀಟರಿನಲ್ಲಿ 100.4, ನಾವು ಜ್ವರ ಎಂದು ಕರೆಯುವ ಅಳತೆ. ಬಹಳ ತಣ್ಣಗಿರುವಾಗ ಅಲೆಯ ಒಂದು ಸುತ್ತಿನ ಉದ್ದ ಸುಮಾರು 6 ನ್ಯಾನೊಮೀಟರ್. ಮೇಲೂ ಕೆಳಗೂ ಸರಿಸಮ ಇರುವುದರಿಂದ ಒಟ್ಟಾರೆ ಆಯಸ್ಕಾಂತತೆ ಸೊನ್ನೆ. ಫ್ರಿಜ್ ಮ್ಯಾಗ್ನೆಟ್ ಕ್ರೋಮಿಯಂಗೆ ಅಂಟುವುದಿಲ್ಲ.

ಕ್ರೋಮಿಯಂ ಮೇಲೆ ಅಯಸ್ಕಾಂತದ ಪ್ರಭಾವವೇ ಇಲ್ಲವೇ? ಇದೆ. 38 ಡಿಗ್ರಿಗಿಂತ ಬಿಸಿ ಮಾಡಿ, ಕೆಲವು ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ಇಟ್ಟು ತಣಿಸಿದರೆ ಅಲೆ ಯಾವ ದಿಕ್ಕಿಗೆ ಸಾಲುಗಟ್ಟಬೇಕು ಎಂಬುದನ್ನು ಆ ಕ್ಷೇತ್ರ ನಿರ್ಧರಿಸುತ್ತದೆ. ಇಲ್ಲವಾದರೆ ಹರಳಿನ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕು. ಗಮನಿಸಿ, ಅಲೆಯನ್ನು ಅಳಿಸಲು ಅದಕ್ಕೆ ಆಗಲಿಲ್ಲ. ಹುಟ್ಟುವ ಹೊತ್ತಿನಲ್ಲಿ ದಾರಿ ತೋರಿಸಲು ಮಾತ್ರ ಆಯಿತು.

ಟೆಸ್ಲಾ ಎಂದರೆ ಎಷ್ಟು?

ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ. ಟೆಸ್ಲಾ ಎಂಬುದು ಕಾಂತಕ್ಷೇತ್ರದ ಅಳತೆ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದು ಟೆಸ್ಲಾದ ನೂರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಆಸ್ಪತ್ರೆಯ ಎಂಆರ್‌ಐ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಅಮೆರಿಕದ ಟಲ್ಲಹಾಸಿಯಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 45 ಟೆಸ್ಲಾ ಕ್ಷೇತ್ರವನ್ನು ಬಿಡದೆ ಕೊಡುವ ಯಂತ್ರವಿದೆ.

ಒಂದು ಟೆಸ್ಲಾ ಕ್ಷೇತ್ರ ಒಂದು ಎಲೆಕ್ಟ್ರಾನಿನ ಸ್ಪಿನ್‌ಗೆ ಕೊಡುವ ಶಕ್ತಿಯನ್ನು ಉಷ್ಣತೆಯ ಭಾಷೆಗೆ ತಿರುಗಿಸಿದರೆ ಬರುವುದು ಸುಮಾರು 0.67 ಕೆಲ್ವಿನ್. ಕೆಲ್ವಿನ್ ಎಂದರೆ ಮೈನಸ್ 273 ಡಿಗ್ರಿಯಿಂದ ಎಣಿಸುವ ಉಷ್ಣತೆ. ಅಲ್ಲಿ ನಮ್ಮ ಮೈಬಿಸಿ 310 ಕೆಲ್ವಿನ್.

ಈಗ ಲೆಕ್ಕ ಹಾಕಿ. ಮೈಬಿಸಿಯ ಅಲುಗಾಟಕ್ಕೆ ಸರಿಸಾಟಿಯಾಗಬೇಕಾದರೆ 460 ಟೆಸ್ಲಾಗೂ ಹೆಚ್ಚಿನ ಕ್ಷೇತ್ರ ಬೇಕು. 0.005 ಟೆಸ್ಲಾದ ಮ್ಯಾಗ್ನೆಟ್ ಕೊಡುವುದು 0.0034 ಕೆಲ್ವಿನ್‌ನಷ್ಟು. ಜಾತ್ರೆಯ ಗದ್ದಲದಲ್ಲಿ ಪಿಸುಗುಟ್ಟಿದರೆ ಎಷ್ಟು ಕೇಳೀತೋ ಅದಕ್ಕಿಂತ ಕಡಿಮೆ. ಅದೇ, ಹರಳನ್ನು 1 ಕೆಲ್ವಿನ್‌ಗೆ ತಣಿಸಿ 10 ಟೆಸ್ಲಾ ಕೊಟ್ಟರೆ ಅಯಸ್ಕಾಂತದ ಪಾಲು 6.7, ಬಿಸಿಯ ಪಾಲು 1. ಆಗ ಪಿಸುಮಾತೇ ಡಂಗುರ. ವಿಜ್ಞಾನಿಗಳು ಈ ಪ್ರಯೋಗಗಳನ್ನು ದ್ರವ ಹೀಲಿಯಂನಲ್ಲಿ, ಅಂದರೆ 4.2 ಕೆಲ್ವಿನ್‌ನಲ್ಲಿ ಮತ್ತು ಅದಕ್ಕೂ ಕೆಳಗೆ ಮಾಡುವುದು ಇದೇ ಕಾರಣಕ್ಕೆ.

ಮುರಿಯುವುದೂ ಅದೇ, ಕಟ್ಟುವುದೂ ಅದೇ

ಅಷ್ಟು ಚಳಿಯಲ್ಲಿ ಅಯಸ್ಕಾಂತ ಮಾಡುವುದಾದರೂ ಏನು? ಅದು ಎರಡು ದಾರಿಗಳಲ್ಲಿ ಕೆಲಸ ಮಾಡುತ್ತದೆ, ಅವು ಒಂದಕ್ಕೊಂದು ವಿರುದ್ಧ.

ಮೊದಲನೆಯದು ಸ್ಪಿನ್‌ನ ದಾರಿ. ಕಾಂತಕ್ಷೇತ್ರ ಇದ್ದಾಗ ಒಂದು ಮುಖದ ಎಲೆಕ್ಟ್ರಾನ್‌ಗಳಿಗೆ ಅನುಕೂಲ, ಇನ್ನೊಂದು ಮುಖದವಕ್ಕೆ ಅನನುಕೂಲ. ಹಾಗಾಗಿ ಎರಡರ ಸಂಖ್ಯೆ ಬೇರೆಬೇರೆಯಾಗುತ್ತದೆ. ಅಲೆಯ ಉದ್ದ ಎಲೆಕ್ಟ್ರಾನ್‌ಗಳ ಸಂಖ್ಯೆಯ ಮೇಲೆ ನಿಂತಿದೆ ಎಂದೆವಲ್ಲ? ಈಗ ಮೇಲ್ಮುಖದವಕ್ಕೆ ಒಂದು ಉದ್ದ ಬೇಕು, ಕೆಳಮುಖದವಕ್ಕೆ ಇನ್ನೊಂದು. ಪಂಕ್ತಿಯಲ್ಲಿ ಅರ್ಧ ಜನ ಒಂದು ತಾಳಕ್ಕೆ, ಇನ್ನರ್ಧ ಜನ ಮತ್ತೊಂದು ತಾಳಕ್ಕೆ ಚಪ್ಪಾಳೆ ತಟ್ಟಿದಂತೆ. ಆವೇಶ ಸಾಂದ್ರತೆಯ ಅಲೆ ದುರ್ಬಲವಾಗುತ್ತದೆ.

ಇದಕ್ಕೆ ನಿಜವಾದ ಉದಾಹರಣೆ, ಪೊಟ್ಯಾಸಿಯಂ ಮತ್ತು ಪಾದರಸ ಸೇರಿದ ಒಂದು ಸಾವಯವ ಲವಣ. ಸಾವಯವ ಎಂದರೆ ಇಲ್ಲಿ ಸಾವಯವ ಕೃಷಿಯಲ್ಲ, ಇಂಗಾಲದ ಅಣುಗಳಿಂದ ಆದದ್ದು ಎಂದು ಮಾತ್ರ ಅರ್ಥ. ಇದರಲ್ಲಿ ಸುಮಾರು 8 ಕೆಲ್ವಿನ್‌ಗಿಂತ ಕೆಳಗೆ ಅಲೆ ಹುಟ್ಟುತ್ತದೆ. ಕಾಂತಕ್ಷೇತ್ರ ಏರಿಸುತ್ತ ಹೋದರೆ ಸುಮಾರು 23 ಟೆಸ್ಲಾದಲ್ಲಿ ಆ ಸ್ಥಿತಿ ಬಿದ್ದುಹೋಗಿ ಬೇರೊಂದು ಸ್ಥಿತಿ ಬರುತ್ತದೆ. 8 ಕೆಲ್ವಿನ್‌ನಷ್ಟು ನಾಜೂಕಾದ ಅಲೆಯನ್ನು ಕದಲಿಸಲು ಹದಿನೈದು ಎಂಆರ್‌ಐ ಯಂತ್ರಗಳಷ್ಟು ಬಲ ಬೇಕಾಯಿತು ನೋಡಿ.

ಎರಡನೆಯದು ಓಟದ ದಾರಿ. ನಮಗೆ ಹೆಚ್ಚು ಇಷ್ಟವಾದದ್ದು ಇದೇ, ಏಕೆಂದರೆ ಇಲ್ಲಿ ನಡೆಯುವುದು ನಾವು ಅಂದುಕೊಳ್ಳುವುದಕ್ಕೆ ತದ್ವಿರುದ್ಧ. ಕಾಂತಕ್ಷೇತ್ರ ಓಡುವ ಎಲೆಕ್ಟ್ರಾನನ್ನು ಬಾಗಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಎಳೆಗಳ ಹರಳಿನಲ್ಲಿ ಎಲೆಕ್ಟ್ರಾನ್ ಮುಂದೆ ಓಡುತ್ತ ಆಗಾಗ ಪಕ್ಕದ ಎಳೆಗೂ ಹಾರುತ್ತದೆ. ಈ ಪಕ್ಕದ ಹಾರಾಟ ಹೆಚ್ಚಾದರೆ ಒಂದೇ ಅಳತೆ ಎಲ್ಲರಿಗೂ ಹೊಂದದೆ ಅಲೆ ಹುಟ್ಟುವುದಿಲ್ಲ. ಈಗ ಹರಳಿಗೆ ಅಡ್ಡಲಾಗಿ ಕಾಂತಕ್ಷೇತ್ರ ಕೊಡಿ. ಎಲೆಕ್ಟ್ರಾನ್ ಹಾವಿನಂತೆ ಎಡಕ್ಕೂ ಬಲಕ್ಕೂ ಬಳುಕುತ್ತ ಮುಂದೆ ಸಾಗುತ್ತದೆ. ಕ್ಷೇತ್ರ ಹೆಚ್ಚಿದಷ್ಟೂ ಆ ಬಳುಕು ಕಿರಿದಾಗುತ್ತದೆ. ಕೊನೆಗೆ ಅದು ತನ್ನ ಎಳೆಯನ್ನು ಬಿಟ್ಟು ದೂರ ಹೋಗುವುದೇ ಇಲ್ಲ. ಮತ್ತೆ ಒಂದೇ ಎಳೆಯ ಲೋಹದಂತಾಯಿತು, ಅಲೆಗೆ ಜಾಗ ಸಿದ್ಧವಾಯಿತು.

1980ರ ದಶಕದ ಆರಂಭದಲ್ಲಿ ಪ್ರಯೋಗಾಲಯಗಳಲ್ಲಿ ಕಂಡದ್ದು ಇದನ್ನೇ. ಡೆನ್ಮಾರ್ಕಿನ ರಸಾಯನವಿಜ್ಞಾನಿ ಕ್ಲಾವ್ಸ್ ಬೆಕ್‌ಗಾರ್ಡ್ ತಯಾರಿಸಿದ ಒಂದು ಬಗೆಯ ಲವಣಗಳಿವೆ. ಅವುಗಳಲ್ಲಿ ಒಂದು, ಪರ್‌ಕ್ಲೋರೇಟ್ ಇರುವದ್ದು, ನಿಧಾನವಾಗಿ ತಣಿಸಿದರೆ ಸುಮಾರು 1.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಕರೆಂಟಿಗೆ ಯಾವ ತಡೆಯೂ ಇಲ್ಲ. ಅವಸರದಲ್ಲಿ ತಣಿಸಿದರೆ ಅದು ಸೂಪರ್‌ಕಂಡಕ್ಟರ್ ಆಗದೆ ಸ್ಪಿನ್ ಅಲೆಯ ಸ್ಥಿತಿಗೆ ಹೋಗಿಬಿಡುತ್ತದೆ. ಅಷ್ಟು ಸೂಕ್ಷ್ಮ ಅದು.

ನಿಧಾನವಾಗಿ ತಣಿಸಿದ ಹರಳಿಗೆ ಕಾಂತಕ್ಷೇತ್ರ ಕೊಟ್ಟರೆ ಮೊದಲು ಸೂಪರ್‌ಕಂಡಕ್ಟರ್ ಗುಣ ಹೋಗುತ್ತದೆ, ಅದು ಸಾಮಾನ್ಯ ಲೋಹವಾಗುತ್ತದೆ. ಕ್ಷೇತ್ರವನ್ನು ಕೆಲವು ಟೆಸ್ಲಾಗಳಷ್ಟು ಏರಿಸಿದಾಗ, ಅದುವರೆಗೆ ಇಲ್ಲದಿದ್ದ ಸ್ಪಿನ್ ಅಲೆ ಹುಟ್ಟುತ್ತದೆ. ಇನ್ನೂ ಏರಿಸಿದರೆ ಆ ಅಲೆ ತನ್ನ ಉದ್ದವನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿಕೊಳ್ಳುತ್ತ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಹರಳಿನ ಅಡ್ಡ ದಿಕ್ಕಿನ ವೋಲ್ಟೇಜ್ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಇದಕ್ಕೆ ಮೇಲೆ ಹೇಳಿದ ಬಳುಕು ಓಟದ ವಿವರಣೆಯನ್ನು 1984ರಲ್ಲಿ ಕೊಟ್ಟವರು ಸೋವಿಯತ್ ವಿಜ್ಞಾನಿಗಳಾದ ಗೋರ್ಕೋವ್ ಮತ್ತು ಲೆಬೆಡ್. ಸ್ಪಿನ್ ಅಲೆಯಲ್ಲಿ ಮೇಲ್ಮುಖ, ಕೆಳಮುಖ ಎರಡೂ ಬಗೆಯವು ಕೂಡಿಯೇ ಕೆಲಸ ಮಾಡುವುದರಿಂದ ಮೊದಲ ದಾರಿಯ ಏಟು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಎರಡನೆಯ ದಾರಿಯ ಲಾಭ ಮಾತ್ರ ಸಿಗುತ್ತದೆ.

ಇಲ್ಲಿ ಹರಳು ಶುದ್ಧವಾಗಿರಲೇಬೇಕು. ಬಳುಕುತ್ತ ಓಡುವ ಎಲೆಕ್ಟ್ರಾನ್ ನಡುವೆ ಕಲ್ಮಶಕ್ಕೆ ಡಿಕ್ಕಿ ಹೊಡೆದರೆ ಅದರ ಲಯ ಅಲ್ಲಿಗೇ ಮುಗಿಯಿತು.

ಇದನ್ನೆಲ್ಲ ತಿಳಿದು ಏನು ಉಪಯೋಗ?

ಈ ಕೆಲಸದ ಹಿಂದೆ ದೊಡ್ಡ ಆಸೆಯೊಂದಿದೆ. ಎಂಆರ್‌ಐ ಯಂತ್ರದ ಅಯಸ್ಕಾಂತ ಸೂಪರ್‌ಕಂಡಕ್ಟರ್ ತಂತಿಯ ಸುರುಳಿ. ಸಾಮಾನ್ಯವಾಗಿ ಅದನ್ನು ದ್ರವ ಹೀಲಿಯಂನಿಂದ 4 ಕೆಲ್ವಿನ್ ಆಸುಪಾಸಿನಲ್ಲಿ ಇಡಬೇಕು. ಸ್ಕ್ಯಾನ್ ದುಬಾರಿಯಾಗಲು ಅದೂ ಒಂದು ಕಾರಣ. ಅಷ್ಟು ತಣಿಸದೆಯೇ ಸೂಪರ್‌ಕಂಡಕ್ಟರ್ ಸಿಕ್ಕರೆ ಎಷ್ಟು ಚೆನ್ನ.

1987ರಲ್ಲಿ ಸಿಕ್ಕ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವಸ್ತು ಸುಮಾರು 90 ಕೆಲ್ವಿನ್‌ವರೆಗೂ ಸೂಪರ್‌ಕಂಡಕ್ಟರ್ ಆಗಿರುತ್ತದೆ. ಅದಕ್ಕಿಂತ ಮೇಲೆ ಹೋಗದಂತೆ ತಡೆಯುವುದು ಯಾವುದು ಎಂಬುದು ಇನ್ನೂ ಪೂರ್ತಿ ಬಗೆಹರಿಯದ ಪ್ರಶ್ನೆ. ಇದೇ ಬಗೆಯ ವಸ್ತುವಿನ ಮೇಲೆ ಬಲವಾದ ಕಾಂತಕ್ಷೇತ್ರ ಬಿಟ್ಟು ನೋಡಿದಾಗ ಒಳಗೆ ಆವೇಶದ ಅಲೆ ಅಡಗಿರುವುದು 2011ರಲ್ಲಿ ಕಂಡಿತು. ಮರುವರ್ಷ ಎಕ್ಸ್-ರೇಗಳಲ್ಲೂ ಅದು ಸಿಕ್ಕಿತು. ಸೂಪರ್‌ಕಂಡಕ್ಟರ್ ಸ್ಥಿತಿಯೂ ಅಲೆಯೂ ಒಂದೇ ಎಲೆಕ್ಟ್ರಾನ್‌ಗಳಿಗಾಗಿ ಸ್ಪರ್ಧೆಗಿಳಿದಿರುತ್ತವೆ. ಕಾಂತಕ್ಷೇತ್ರ ಮೊದಲನೆಯದನ್ನು ಹಿಂದೆ ಸರಿಸಿದಾಗ ಎರಡನೆಯದು ತಲೆ ಎತ್ತುತ್ತದೆ. 2015ರಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಕ್ಷಣಕಾಲ ಮಿಂಚುವ 28 ಟೆಸ್ಲಾ ಕ್ಷೇತ್ರವನ್ನು ಎಕ್ಸ್-ರೇ ಲೇಸರ್ ಜೊತೆ ಬಳಸಿ, ಬಲವಾದ ಕ್ಷೇತ್ರದಲ್ಲಿ ಆ ಅಲೆ ಪದರದಿಂದ ಪದರಕ್ಕೂ ಹೊಂದಿಕೊಂಡು ಮೂರೂ ದಿಕ್ಕಿನಲ್ಲಿ ಸಾಲುಗಟ್ಟುವುದನ್ನು ತೋರಿಸಿದರು.

ಹಾಗಾದರೆ ನಮ್ಮ ಮೈಯೊಳಗೆ?

ಮೈಯೊಳಗೆ ಇಂಥ ಅಲೆಯೇ ಇಲ್ಲ. ನಮ್ಮ ಸ್ನಾಯು, ನರ, ರಕ್ತ ಲೋಹದ ಹರಳುಗಳಲ್ಲ. ನರಗಳಲ್ಲಿ ವಿದ್ಯುತ್ ಸಂಕೇತ ಹೋಗುವುದು ಸೋಡಿಯಂ, ಪೊಟ್ಯಾಸಿಯಂನಂಥ ಅಯಾನುಗಳ ಚಲನೆಯಿಂದ, ತಂತಿಯಲ್ಲಿರುವಂಥ ಬಿಡುಬೀಸಾದ ಎಲೆಕ್ಟ್ರಾನ್‌ಗಳಿಂದಲ್ಲ. ಬದಲಿಸಲು ಅಲೆಯೇ ಇಲ್ಲದ ಮೇಲೆ ಬಳೆ ಬದಲಿಸುವುದಾದರೂ ಏನನ್ನು?

ರಕ್ತದ ಕಬ್ಬಿಣದ ಮಾತೂ ಹೀಗೆಯೇ. ಅದು ಹಿಮೋಗ್ಲೋಬಿನ್ ಅಣುವಿನಲ್ಲಿ ಒಂಟೊಂಟಿಯಾಗಿ ಬಂಧಿಯಾಗಿರುವ ಪರಮಾಣು, ಮೊಳೆಯ ಕಬ್ಬಿಣವಲ್ಲ. ಆಮ್ಲಜನಕ ಹೊತ್ತ ರಕ್ತವನ್ನು ಅಯಸ್ಕಾಂತ ಎಳೆಯುವುದಿಲ್ಲ, ತೀರಾ ಅಲ್ಪವಾಗಿ ದೂರ ತಳ್ಳುತ್ತದೆ. ಮೊಳೆಯಂತೆ ಎಳೆಯುವುದಾಗಿದ್ದರೆ 3 ಟೆಸ್ಲಾದ ಎಂಆರ್‌ಐ ಒಳಗೆ ಮಲಗಿದವರ ಗತಿ ಏನಾಗಬೇಕಿತ್ತು?

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ರುಮಟಾಯ್ಡ್ ಸಂಧಿವಾತ ಇರುವ 70 ಮಂದಿಗೆ ಮ್ಯಾಗ್ನೆಟ್ ಪಟ್ಟಿ ಮತ್ತು ತಾಮ್ರದ ಬಳೆ, ಜೊತೆಗೆ ಹೋಲಿಕೆಗಾಗಿ ನಕಲಿಗಳನ್ನೂ ಸರದಿಯಲ್ಲಿ ತೊಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು, ಊತ, ರೋಗದ ತೀವ್ರತೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಕಾಯಿಲೆಗೆ ಸಕಾಲದಲ್ಲಿ ಔಷಧಿ ಕೊಡದಿದ್ದರೆ ಕೀಲುಗಳು ಶಾಶ್ವತವಾಗಿ ಹಾಳಾಗುತ್ತವೆ. ಬಳೆ ನಂಬಿ ಮಾತ್ರೆ ಬಿಟ್ಟರೆ ಆಗುವ ನಷ್ಟ ಬಳೆಯ ದುಡ್ಡು ಮಾತ್ರವಲ್ಲ. ಬಿಪಿ ಮಾತ್ರೆ ಬಿಡುವವರ ಕಥೆ ಇನ್ನೂ ಅಪಾಯದ್ದು, ಏಕೆಂದರೆ ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

"ಕ್ವಾಂಟಮ್" ಎಂದು ಬರೆದ ಪದಕಗಳ ಬಗ್ಗೆಯೂ ಒಂದು ಮಾತು. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ 10 ವಸ್ತುಗಳನ್ನು ತೊಡಬೇಡಿ ಎಂದು ಎಚ್ಚರಿಸಿತು. 5ಜಿ ವಿಕಿರಣದಿಂದ ಕಾಪಾಡುತ್ತವೆ ಎಂಬ ಹೆಸರಿನಲ್ಲೂ ಮಾರಾಟವಾಗುತ್ತಿದ್ದ ಆ ಸರ, ಬಳೆಗಳಿಂದಲೇ ವಿಕಿರಣ ಹೊರಬರುತ್ತಿತ್ತು.

ಮುಂದಿನ ಸಲ ಮ್ಯಾಗ್ನೆಟ್ ಫಾರ್ವರ್ಡ್ ಬಂದಾಗ ಕಳಿಸಿದವರೊಂದಿಗೆ ಜಗಳ ಬೇಡ. ಅತ್ತೆಯೋ ದೊಡ್ಡಪ್ಪನೋ ಕಾಳಜಿಯಿಂದಲೇ ಕಳಿಸಿರುತ್ತಾರೆ. ಎಷ್ಟು ಟೆಸ್ಲಾ, ಎಷ್ಟು ಕೆಲ್ವಿನ್, ಯಾವ ಹರಳಿನಲ್ಲಿ ಎಂದು ಸಂದೇಶದಲ್ಲಿ ಇದೆಯೇ ಎಂದು ಕೇಳಿ ನೋಡಿ.

ಮನೆಯ ಮ್ಯಾಗ್ನೆಟ್‌ನಿಂದ ನಿಜವಾದ ತೊಂದರೆ ಆಗುವುದು ಬೇರೆ ಕಡೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಬಲವಾದ ಮ್ಯಾಗ್ನೆಟ್ ಇರುವ ಸರ, ಪಟ್ಟಿ, ಹಾಸಿಗೆಗಳನ್ನು ಹತ್ತಿರ ಸೇರಿಸಬಾರದು. ಮ್ಯಾಗ್ನೆಟ್ ತಾಗಿದರೆ ಆ ಯಂತ್ರ ಬೇರೆ ಕ್ರಮಕ್ಕೆ ಬದಲಾಗುವಂತೆ ಅದನ್ನು ರೂಪಿಸಿರುತ್ತಾರೆ. ಆಟಿಕೆಗಳಲ್ಲಿರುವ ಚಿಕ್ಕ ಬಲವಾದ ಮ್ಯಾಗ್ನೆಟ್ ಗುಂಡುಗಳನ್ನು ಮಗು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಮಡಿಕೆಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ಕರುಳನ್ನೇ ತೂತು ಮಾಡಬಲ್ಲವು. ಹೊಟ್ಟೆನೋವು ಬರುವ ತನಕ ಕಾಯಬೇಡಿ, ನುಂಗಿದ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.